ಇನ್ನೂರ ಹದಿನಾಲ್ಕು ಪಾತ್ರ, ಕೇಳಿಸದ ಒಂದು ಪ್ರಶ್ನೆ

ಬೆಳಗಿನ ಐದೂಕಾಲು. ಲಾಸ್ ಏಂಜಲೀಸ್ ಪಕ್ಕದ ಸಾಂತಾ ಕ್ಲಾರಿಟಾದಲ್ಲಿ, ಸಿನಿಮಾ ಸೆಟ್ಟು ಹಾಕುವ ಗೋದಾಮುಗಳ ಹಿಂದೆ ನಿಂತ ಹಳೆಯ ಬ್ಯೂಕ್ ಕಾರಿನ ಗಾಜಿಗೆ ಒಳಗಿನಿಂದ ಆವಿ ಕಟ್ಟಿದೆ. ಒಳಗೆ ಕೂತವರು ಇಬ್ಬರ ಮಾತನ್ನು ಒಬ್ಬರೇ ಆಡುತ್ತಿದ್ದಾರೆ. ಮೊದಲು ಪತ್ತೇದಾರನ ಮಾತು, ಆಮೇಲೆ ಶವಪರೀಕ್ಷೆ ಮಾಡುವ ಡಾಕ್ಟರನ ಮಾತು. ಪತ್ತೇದಾರನ ಸರದಿ ಬಂದಾಗ ಕಾರಿನ ಕನ್ನಡಿಯಲ್ಲಿ ತಮ್ಮ ತುಟಿಯನ್ನೇ ನೋಡಿಕೊಳ್ಳುತ್ತಾರೆ. ಈ ಪದಕ್ಕೆ ತುಟಿ ಹೇಗೆ ಕೂಡುತ್ತದೆ, ಆ ಪದಕ್ಕೆ ಹಲ್ಲು ಎಷ್ಟು ಕಾಣುತ್ತದೆ. ಮೂರು ಪುಟದ ದೃಶ್ಯ. ಇದು ಇವತ್ತಿನ ಒಂಬತ್ತನೇ ಸುತ್ತು. ಫ್ಲಾಸ್ಕಿನಿಂದ ಬಗ್ಗಿಸಿಕೊಂಡ ಕಾಫಿ ಆರಿ ತಣ್ಣಗಾಗಿದೆ.

ಬೇರೆ ನಟರು ತಮ್ಮ ಮಾತು ಕಲಿತು ಬರುತ್ತಾರೆ. ಆರ್ವಿಲ್ ಟ್ಯಾಕೆಟ್ ಎಲ್ಲರ ಮಾತನ್ನೂ ಕಲಿತು ಬರುತ್ತಾರೆ. ಕಲಿಯದೆ ವಿಧಿಯಿಲ್ಲ, ಎದುರಿನವನು ಆಡಿದ್ದು ಅವರಿಗೆ ಕೇಳಿಸುವುದಿಲ್ಲ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಬಾಗಿಲು ದಢಾರನೆ ಬಡಿದರೆ ಗೊತ್ತಾಗುತ್ತದೆ, ಅಷ್ಟೇ. ಈ ಸಂಗತಿ ಇವತ್ತಿನವರೆಗೆ ಅವರ ಹೆಂಡತಿ ನೆಟ್ಟಿಗೆ ಗೊತ್ತು, ಕಿವಿ ಡಾಕ್ಟರಿಗೆ ಗೊತ್ತು. ಮೂರನೆಯವರಿಗೆ ಗೊತ್ತಾದ ದಿನ ಫೋನ್ ಬರುವುದು ನಿಲ್ಲುತ್ತದೆ ಎಂದು ಅವರು ಏಳು ವರ್ಷದಿಂದ ಹಲ್ಲು ಕಚ್ಚಿ ಮುಚ್ಚಿಟ್ಟಿದ್ದಾರೆ. ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ. ಏಕೆ ಒಪ್ಪಿದರು ಎಂಬುದು ಅವತ್ತಿನ ಬೆಳಗಿನ ಕತೆಯಲ್ಲೇ ಇದೆ.

ಈ ಮುಖವನ್ನು ನೀವು ನೋಡಿದ್ದೀರಿ. ಹೆಸರು ಹೇಳಿ ಅಂದರೆ ನೆಲ ನೋಡುತ್ತೀರಿ. ಉದ್ದ ಗಲ್ಲ, ಒಳಕ್ಕೆ ಕುಸಿದ ಕಣ್ಣು, ಯಾವಾಗಲೂ ಎರಡು ದಿನದ ಬಿಳಿ ಗಡ್ಡ. ನಾಯಕ ಊರಿಗೆ ಬಂದಾಗ ದಾರಿ ತೋರಿಸಿದವರು ಇವರು. ನಾಯಕನಿಗೆ ಬಾರಿನಲ್ಲಿ ಗ್ಲಾಸು ತಳ್ಳಿದವರು ಇವರು. ನಾಯಕನ ಮೇಲೆ ಬೀಳಬೇಕಾದ ಗುಂಡನ್ನು ಮೊದಲು ತಿಂದವರೂ ಇವರೇ. ನಲವತ್ತೊಂದು ವರ್ಷ, ಇನ್ನೂರ ಹದಿನಾಲ್ಕು ಪಾತ್ರ, ಅರವತ್ತಮೂರು ಸಾವು. ಇಷ್ಟರಲ್ಲಿ ಪಾತ್ರಕ್ಕೆ ಹೆಸರು ಅಂತ ಇದ್ದದ್ದು ಹತ್ತೊಂಬತ್ತಕ್ಕೆ ಮಾತ್ರ. ಮಿಕ್ಕಿದ್ದಕ್ಕೆಲ್ಲ ಎರಡನೇ ಷೆರಿಫ್, ಪೆಟ್ರೋಲ್ ಬಂಕಿನ ಮುದುಕ, ಜೈಲು ಕಾವಲುಗಾರ, ಕುದುರೆ ಹಿಡಿದವನು. ಒಂದು ಸಿನಿಮಾದ ಕೊನೆಯ ಪಟ್ಟಿಯಲ್ಲಿ ಕುದುರೆಗೆ ಹೆಸರಿದೆ, ಹಿಡಿದವರಿಗಿಲ್ಲ.

ಆದ್ದರಿಂದ ಡಾಕ್ಟರ್ ಎಮ್ಮೆಟ್ ಸೇಯರ್ ಅಂದರೆ ಅವರಿಗೆ ಸಣ್ಣ ವಿಷಯವಲ್ಲ. ಪೊಲೀಸ್ ಧಾರಾವಾಹಿಯೊಂದರಲ್ಲಿ ಬರುವ ಶವಾಗಾರದ ಡಾಕ್ಟರ್ ಅದು. ಎರಡು ಕಂತಿನಲ್ಲಿ ಬಂದು ಹೋಗಿದ್ದಾನೆ. ಇವತ್ತು ಚಿತ್ರೀಕರಣವಾಗುವುದು ಮೂರನೆಯದು. ಇವತ್ತಿನ ದೃಶ್ಯ ನಿರ್ದೇಶಕನಿಗೆ ಹಿಡಿಸಿದರೆ ಡಾಕ್ಟರ್ ಮುಂದಿನ ಎಂಟು ಕಂತಿಗೂ ಉಳಿಯುತ್ತಾನೆ. ಹಿಡಿಸದಿದ್ದರೆ ಡಾಕ್ಟರ್ ವರ್ಗವಾಗಿ ಹೋದ ಎಂದು ಯಾರೋ ಒಂದು ಸಾಲು ಬರೆಯುತ್ತಾರೆ. ಅರವತ್ತೆಂಟರ ವಯಸ್ಸಿಗೆ ಇನ್ನೊಂದು ಹೆಸರುಳ್ಳ ಪಾತ್ರ ಬಾಗಿಲು ತಟ್ಟುವುದಿಲ್ಲ. ತಟ್ಟಿದರೂ ಅವರಿಗೆ ಕೇಳಿಸುವುದಿಲ್ಲ ಅಂತ ನೆಟ್ಟಿ ಸೇರಿಸುತ್ತಾರೆ.

ಮನೆ ಸನ್ ವ್ಯಾಲಿಯಲ್ಲಿ, ಹಳೇ ಟೈರಿನ ಅಂಗಡಿಯ ಹಿಂದಿನ ಬೀದಿ. ದಿನಾ ಮೂರೂವರೆಗೆ ಏಳುತ್ತಾರೆ. ಅಡುಗೆಮನೆ ಮೇಜಿನ ಈಚೆ ಇವರು, ಆಚೆ ನೆಟ್ಟಿ, ನಡುವೆ ಸ್ಕ್ರಿಪ್ಟು. ನೆಟ್ಟಿ ಕೊಲೆಗಾರ, ವಕೀಲ, ಅಳುವ ತಾಯಿ ಎಲ್ಲ ಆಗುತ್ತಾರೆ. ಒಂದೊಂದು ಮಾತನ್ನೂ ಮೊದಲು ಮೆಲ್ಲಗೆ, ಆಮೇಲೆ ಜೋರು ಓಟದಲ್ಲಿ, ಆಮೇಲೆ ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು ಹೇಳುತ್ತಾರೆ. ಯಾವ ನಟ ಹೇಗೆ ಗೊಣಗುತ್ತಾನೋ ಯಾರಿಗೆ ಗೊತ್ತು, ಎಲ್ಲದಕ್ಕೂ ತಯಾರಿರಬೇಕು. ಇದರ ಬಗ್ಗೆ ಕೇಳಿದರೆ ಆಕೆ ನಗುತ್ತಾರೆ. “ನಮ್ಮ ಯಜಮಾನ್ರಿಗೆ ಮದ್ವೆಯಾದಾಗಿಂದ ಹೆಂಡ್ತಿ ಮಾತು ಕೇಳಿಸ್ತಿರಲಿಲ್ಲ. ಈಗ ಡಾಕ್ಟ್ರ ಚೀಟಿ ಸಿಕ್ಕಿದೆ, ಅಷ್ಟೇ ವ್ಯತ್ಯಾಸ.”

ತುಟಿ ಓದುವುದನ್ನು ಅವರು ಯಾವ ಶಾಲೆಯಲ್ಲೂ ಕಲಿತವರಲ್ಲ. ಹುಟ್ಟಿದ್ದು ಪೂರ್ವ ಕೆಂಟಕಿಯ ಕಲ್ಲಿದ್ದಲ ಕಣಿವೆಯಲ್ಲಿ. ಅಪ್ಪ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದು ಹಿಡಿದು ಮೂವತ್ತೈದಕ್ಕೇ ಕಿವಿ ಕಳೆದುಕೊಂಡರು. ಆ ಮನೆಯಲ್ಲಿ ಯಾರೂ ಬೆನ್ನು ತಿರುಗಿಸಿ ಮಾತಾಡುತ್ತಿರಲಿಲ್ಲ. ಉಪ್ಪು ಬೇಕಾದರೂ ಮುಖ ತೋರಿಸಿ ಕೇಳಬೇಕು. ಅಪ್ಪ ಮಕ್ಕಳ ತುಟಿ ನೋಡುತ್ತಿದ್ದರು, ಮಕ್ಕಳು ಅಪ್ಪನ ಹುಬ್ಬು ನೋಡುತ್ತಿದ್ದರು. ನಟನೆಯ ಮೊದಲ ಪಾಠ ಅದೇ ಅಂತ ಆರ್ವಿಲ್ ಹೇಳುತ್ತಾರೆ. ಇಪ್ಪತ್ತೇಳಕ್ಕೆ ಬಸ್ಸು ಹತ್ತಿ ಲಾಸ್ ಏಂಜಲೀಸಿಗೆ ಬಂದರು. ಬಿಸಿಲಲ್ಲಿ ಮನೆಗಳ ಚಾವಣಿಗೆ ಡಾಂಬರು ಹಾಳೆ ಹೊಡೆದರು. ಮೊದಲ ಪಾತ್ರ ಹೆಣ ಹೊತ್ತವರಲ್ಲಿ ಮೂರನೆಯವನು.

ಕಿವಿ ಹೋದದ್ದು ಹೇಗೆ ಎಂದು ತಿಳಿದರೆ ಕೇಳಿದವರ ರಕ್ತ ಕುದಿಯುತ್ತದೆ. ಮೂವತ್ತು ವರ್ಷದ ಹಿಂದೆ ಒಂದು ಚಿತ್ರ. ಜೈಲು ಕೋಣೆ, ಕಬ್ಬಿಣದ ಗೋಡೆ. ನಾಯಕ ಇವರ ಬಲಗಿವಿಯಿಂದ ಒಂದು ಮೊಳ ದೂರದಲ್ಲಿ ಪಿಸ್ತೂಲು ಹಾರಿಸಬೇಕು. ಗುಂಡು ಸುಳ್ಳು, ಮದ್ದು ನಿಜ. ಕಿವಿಗೆ ಹತ್ತಿ ಇಟ್ಟುಕೊಳ್ಳಲೇ ಎಂದು ಆರ್ವಿಲ್ ಕೇಳಿದರು. ಹತ್ತಿ ಚಿತ್ರದಲ್ಲಿ ಕಾಣುತ್ತದೆ, ಬೇಡ ಅಂದರು. ನಾಯಕ ಕ್ಯಾಮೆರಾದಲ್ಲಿ ಇಲ್ಲದಿದ್ದಾಗ ಇಟ್ಟುಕೊಂಡ, ಅವನಿಗೆ ಅಡ್ಡಿಯಿಲ್ಲ. ಹದಿನಾಲ್ಕು ಸಲ ಹಾರಿಸಿದರು. ಹದಿನಾಲ್ಕು ಸಲವೂ ಆರ್ವಿಲ್ ಕಣ್ಣು ಮಿಟುಕಿಸಲಿಲ್ಲ, ಮಿಟುಕಿಸಿದರೆ ಹದಿನೈದನೆಯದು ಬೀಳುತ್ತದೆ. ಆ ಚಿತ್ರದಲ್ಲಿ ಅವರು ನಲವತ್ತು ಸೆಕೆಂಡು ಇದ್ದಾರೆ. ಅಲ್ಲಿಂದ ಎರಡೂ ಕಿವಿ ಸವೆಯುತ್ತಾ ಬಂದು, ಏಳು ವರ್ಷದ ಹಿಂದೆ ಕೈಕೊಟ್ಟವು. “ಸಂಜೆ ಕಿವೀಲಿ ಒಂದು ಜೀರುಂಡೆ ಬಂದು ಕೂತ್ಕೊಳ್ತು. ಇನ್ನೂ ಎದ್ದು ಹೋಗಿಲ್ಲ. ಗಣಿ ಬೇಡ ಅಂತ ಓಡಿ ಬಂದೆ ನೋಡು, ಗಣಿಗೆ ಏನು ಕೊಡಬೇಕಿತ್ತೋ ಅದನ್ನ ಇಲ್ಲಿ ಕೊಟ್ಟೆ.”

ಕಿವಿಗೆ ಹಾಕುವ ಮಿಷನ್ನು ಇದೆ. ಆದರೆ ಕ್ಯಾಮೆರಾ ಹತ್ತಿರ ಬಂದರೆ ಕಾಣುತ್ತದೆ, ಎದೆಗೆ ಸಿಕ್ಕಿಸಿದ ಮೈಕಿನ ಹತ್ತಿರ ಬಂದರೆ ಕುಯ್ಯೆನ್ನುತ್ತದೆ. ಹೀಗಾಗಿ ಗೇಟಿನ ಹೊರಗೇ ಬಿಚ್ಚಿಟ್ಟು ಬರುತ್ತಾರೆ. ಒಳಗೆ ಅವರ ಬಂಡವಾಳ ಕಣ್ಣು, ನೆನಪು, ಕಾಲು. ತೆಳು ಅಟ್ಟೆಯ ಬೂಟು ಹಾಕುತ್ತಾರೆ, ಹಲಗೆಯ ನೆಲದ ಮೇಲೆ ಕ್ಯಾಮೆರಾ ಗಾಡಿ ಉರುಳಿದರೆ ಅಂಗಾಲಿಗೆ ತಿಳಿಯಲಿ ಅಂತ. ದೀಪ ಹಾಕುವವರು ಬರುವ ಮೊದಲೇ ಖಾಲಿ ಸೆಟ್ಟಿನಲ್ಲಿ ಓಡಾಡಿ ಯಾವ ಹಲಗೆ ಎಲ್ಲಿ ಅದುರುತ್ತದೆ ಎಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಜನ ಇದನ್ನು ಮುದುಕನ ಶಿಸ್ತು ಅಂದುಕೊಂಡಿದ್ದಾರೆ.

ಅವತ್ತು ಎಲ್ಲ ಸರಿಯಾಗಿಯೇ ಶುರುವಾಗುತ್ತದೆ. ಶವಾಗಾರದ ಸೆಟ್ಟು. ಸ್ಟೀಲಿನ ಮೇಜಿನ ಮೇಲೆ ಬಿಳಿ ಹೊದಿಕೆಯಡಿ ಹೆಣವಾಗಿ ಮಲಗಿದವರು ಮೀರಾಬೆಲ್ ಓಚೋವಾ, ನಲವತ್ತನಾಲ್ಕು ವರ್ಷ. ಅವರ ಕಸುಬೇ ಸಾಯುವುದು. ಮೂವತ್ತೇಳು ಸಲ ಹೆಣವಾಗಿದ್ದಾರೆ, ಒಂದೂವರೆ ನಿಮಿಷ ಉಸಿರು ಕಟ್ಟುತ್ತಾರೆ. ಮೇಜಿನ ಆಚೆ ಪತ್ತೇದಾರನಾಗಿ ಗ್ರೇಸನ್ ಪೈಕ್, ಧಾರಾವಾಹಿಯ ನಾಯಕ. ಪೈಕ್‌ಗೆ ಒಂದು ಚಾಳಿ ಇದೆ, ಬರೆದ ಮಾತನ್ನು ಬರೆದ ಹಾಗೆ ಹೇಳಿದರೆ ಅವನಿಗೆ ಅಜೀರ್ಣ. ಪ್ರತಿ ಟೇಕಿನಲ್ಲೂ ಪದ ಬದಲಿಸುತ್ತಾನೆ, ಪ್ರಶ್ನೆ ಬದಲಿಸುತ್ತಾನೆ. ಜೀವಂತಿಕೆ ಅನ್ನುತ್ತಾರೆ ಅದಕ್ಕೆ. ನಾಯಕ ಮಾಡಿದರೆ ಜೀವಂತಿಕೆ, ಪೋಷಕ ನಟ ಮಾಡಿದರೆ ಮರೆವು. ಹಿಂದಿನ ಎರಡು ಕಂತಿನಲ್ಲಿ ಆರ್ವಿಲ್ ಹೇಗೋ ದಾಟಿದ್ದರು, ಪೈಕ್‌ನ ಬಾಯಿ ದೊಡ್ಡಕ್ಷರದ ಪುಸ್ತಕ, ದೂರದಿಂದಲೂ ಓದಬಹುದು ಎಂದು.

ಏಳೂ ನಲವತ್ತಕ್ಕೆ ಒಂದು ನೀಲಿ ಡಬ್ಬಿ ಬರುತ್ತದೆ. ನಿರ್ದೇಶಕ ಕೋಲ್ಬಿ ಸ್ಟ್ರ್ಯಾಂಡ್‌ಗೆ ಮೂವತ್ತೆರಡು ವರ್ಷ. ಹಿಂದಿನ ಕಂತು ನೋಡಿ ಯಾರೋ ನರ್ಸು ಪತ್ರ ಬರೆದಿದ್ದಾರಂತೆ, ಶವಾಗಾರದಲ್ಲಿ ಮಾಸ್ಕ್ ಇಲ್ಲದೆ ಯಾರು ನಿಲ್ಲುತ್ತಾರೆ ಎಂದು. ಇವತ್ತಿನಿಂದ ಇಬ್ಬರಿಗೂ ಮಾಸ್ಕು. ಆರ್ವಿಲ್ ಡಬ್ಬಿಯನ್ನು ನೋಡುತ್ತಾ ನಿಲ್ಲುತ್ತಾರೆ. ಪತ್ತೇದಾರನಿಗೂ ಬೇಕೇ, ಅವನು ಹೆಣ ಮುಟ್ಟುವುದೇ ಇಲ್ಲವಲ್ಲ ಎಂದು ಕೇಳುತ್ತಾರೆ. ಅವನಿಗೇ ಮೊದಲು ಬೇಕು, ಅವನ ಕಣ್ಣು ಸಾಕು ಜನ ಅಳುವುದಕ್ಕೆ ಅನ್ನುತ್ತಾನೆ ಸ್ಟ್ರ್ಯಾಂಡ್. ಪೈಕ್ ಮಾಸ್ಕ್ ಏರಿಸುತ್ತಾನೆ. ಮೇಲಿನ ಗೌನಿನ ಕೊರಳಪಟ್ಟಿ ಗಂಟಲನ್ನೂ ಮುಚ್ಚುತ್ತದೆ. ಪುಸ್ತಕ ಮುಚ್ಚಿಕೊಂಡಿತು.

ಮಧ್ಯಾಹ್ನ ಊಟದ ಹೊತ್ತಿಗೆ ಈ ಸೆಟ್ಟು ಒಡೆದು ಅದೇ ಜಾಗದಲ್ಲಿ ಬ್ಯಾಂಕು ಕಟ್ಟಬೇಕು. ಬಡಗಿಗಳು ಗೋಡೆಯ ಹಿಂದೆ ಸುತ್ತಿಗೆ ಹಿಡಿದು ಕೂತಿದ್ದಾರೆ. ಎಲ್ಲರಿಗೂ ಅವಸರ.

ಮೊದಲ ಟೇಕು. ಪೈಕ್‌ನ ಮೊದಲ ಮಾತಿಗೆ ನಾಲ್ಕು ಸೆಕೆಂಡು ಬೇಕು ಎಂದು ಆರ್ವಿಲ್ ಅಡುಗೆಮನೆಯಲ್ಲಿ ಎಣಿಸಿ ಬಂದಿದ್ದಾರೆ. ನಾಲ್ಕು ಎಣಿಸಿ ತಮ್ಮ ಮಾತು ಶುರು ಮಾಡುತ್ತಾರೆ. ಪೈಕ್ ಇನ್ನೂ ಮಾತಾಡುತ್ತಲೇ ಇದ್ದಾನೆ. ಎರಡು ಮಾತು ಡಿಕ್ಕಿ ಹೊಡೆಯುತ್ತವೆ. ಯಾರೋ ಕಿಸಕ್ಕನೆ ನಗುತ್ತಾರೆ. ಎರಡನೇ ಟೇಕಿನಲ್ಲಿ ಆರ್ವಿಲ್ ಹೆಚ್ಚು ಕಾಯುತ್ತಾರೆ. ಪೈಕ್ ಮುಗಿಸಿ ಸುಮ್ಮನಾಗಿದ್ದಾನೆ. ಐದು ಸೆಕೆಂಡು, ಏಳು ಸೆಕೆಂಡು. ಮಾಸ್ಕಿನ ಬಟ್ಟೆ ಅವನ ಉಸಿರಿಗೆ ಅಲುಗುತ್ತದೆ, ಅದನ್ನು ಮಾತು ಅಂದುಕೊಂಡು ಇವರು ನಿಂತೇ ಇದ್ದಾರೆ. ಬೆನ್ನ ಹಿಂದಿನಿಂದ ಸ್ಟ್ರ್ಯಾಂಡ್ ಎರಡು ಸಲ ಹೆಸರು ಕರೆಯುತ್ತಾನೆ. ಇವರು ತಿರುಗುವುದಿಲ್ಲ. ನಲವತ್ತು ಜನ ಅದನ್ನು ನೋಡುತ್ತಾರೆ. ಮುದುಕರಿಗೆ ಹೆಸರಿರೋ ಪಾತ್ರ ಸಿಕ್ಕಿದ್ದೇ ತಲೆ ತಿರುಗಿದೆ ಎಂದು ದೀಪದವರ ಸಾಲಿನಲ್ಲಿ ಗುಸುಗುಸು. ಮೂರನೆಯದೂ ಹಾಳಾಗುತ್ತದೆ.

ಆಗ ಸ್ಟ್ರ್ಯಾಂಡ್ ಕೋಣೆಯ ಆ ತುದಿಗೆ ಹೋಗಿ ತನ್ನ ಸಹಾಯಕನ ಕಿವಿಯಲ್ಲಿ ಹೇಳುತ್ತಾನೆ. ಅಷ್ಟು ದೂರದ ಪಿಸುಮಾತು, ಹತ್ತಿರ ಇದ್ದವರಿಗೂ ಕೇಳಿಲ್ಲ. ಕ್ಯಾಮೆರಾದ ಹಿಂದಿನವರಿಗೆ ಮಾಸ್ಕ್ ಇಲ್ಲ. ಆರ್ವಿಲ್ ಒಬ್ಬರೇ ಅದನ್ನು ಅಕ್ಷರ ಅಕ್ಷರ ಓದುತ್ತಾರೆ: “ಮುದುಕನ ತಲೆ ಖಾಲಿ ಆಗಿದೆ. ಬೆಳಕು ನೋಡೋಕೆ ನಿಲ್ಲಿಸ್ತೀವಲ್ಲ, ಆ ಇನ್ನೊಬ್ಬ ಮುದುಕ, ಅವನಿಗೆ ಕೋಟು ಅಳತೆ ನೋಡಿಡು. ಇನ್ನೆರಡು ಟೇಕ್ ನೋಡ್ತೀನಿ.”

ನಲವತ್ತೊಂದು ವರ್ಷಕ್ಕೆ ಎರಡು ಟೇಕ್ ಉಳಿದಿದೆ.

ಆರ್ವಿಲ್ ಮೇಜಿನ ಹತ್ತಿರ ಬರುತ್ತಾರೆ. ದೃಶ್ಯದಲ್ಲಿ ಅವರು ಹೆಣದ ಮಣಿಕಟ್ಟು ಹಿಡಿದು ನಿಂತಿರಬೇಕು. ಹಿಡಿಯುತ್ತಾರೆ. ಮುಖ ಕೆಳಗೆ ಹಾಕಿದಾಗ ಒಂದು ವಿಚಿತ್ರ ಕಾಣುತ್ತದೆ. ಅವರ ಮುಂದೆ ಇರುವವರಲ್ಲಿ ಮಾಸ್ಕ್ ಇಲ್ಲದ ಮುಖ ಇದೊಂದೇ, ಹೆಣದ್ದು. ಕಣ್ಣು ಮುಚ್ಚಿದೆ. ತುಟಿ ಮಾತ್ರ ಸಣ್ಣಗೆ ಆಡುತ್ತಿದೆ.

“ಆರ್ವಿಲ್ ಯಜಮಾನ್ರೇ, ನಿಮ್ಮ ಕೈ ಮಂಜುಗಡ್ಡೆ ಆಗಿದೆ. ಸತ್ತಿರೋದು ನಾನೋ ನೀವೋ?”

ಆರ್ವಿಲ್ ಆ ತುಟಿಯನ್ನೇ ದಿಟ್ಟಿಸುವುದನ್ನು ಹೆಣ ಒಂದು ರೆಪ್ಪೆ ಕೂದಲೆಳೆಯಷ್ಟು ತೆರೆದು ನೋಡುತ್ತದೆ. ತುಟಿ ಮತ್ತೆ ಆಡುತ್ತದೆ. “ನಿಮಗೆ ಕೇಳಿಸ್ತಿಲ್ಲ. ನಮ್ಮಜ್ಜಿಯೂ ಹೀಗೇ ತುಟಿ ನೋಡ್ತಿದ್ಲು. ಅವನ ಮಾತು ಮುಗಿದ ತಕ್ಷಣ ಬೆರಳು ಒತ್ತುತ್ತೀನಿ. ಒತ್ತಿದಾಗ ನೀವು ಶುರು ಮಾಡಿ.”

ಹೆಣದ ಕೈಯನ್ನು ಆರ್ವಿಲ್ ತಮ್ಮ ಕೈಸಮೇತ ಮೆಲ್ಲಗೆ ಹೊದಿಕೆಯೊಳಗೆ ಸರಿಸುತ್ತಾರೆ. ಇನ್ನೊಂದು ಮಾತು ಅವರಿಬ್ಬರಿಗೂ ಆಗ ಹೊಳೆದಿಲ್ಲ. ಆರ್ವಿಲ್‌ರ ಎದೆಯಲ್ಲಿ ಮೈಕ್ ಇದೆ. ಬಾಗಿ ನಿಂತಿದ್ದರಿಂದ ಹೆಣದ ಪಿಸುಮಾತು ಅಷ್ಟೂ ಅದರೊಳಗೆ ಹೋಗಿ, ಕೋಣೆಯ ಮೂಲೆಯಲ್ಲಿ ಹೆಡ್‌ಫೋನ್ ಹಾಕಿ ಕೂತ ಶಬ್ದಗ್ರಾಹಕಿ ಡೋರೀನ್ ಕ್ವಿಗ್ಲಿಯ ಎರಡೂ ಕಿವಿಗೆ ಬಿದ್ದಿದೆ.

ನಾಲ್ಕನೇ ಟೇಕು. ಪೈಕ್ ಮಾತಾಡುತ್ತಾನೆ. ಹೊದಿಕೆಯಡಿ ಬೆರಳು ಒತ್ತುತ್ತದೆ. ಡಾಕ್ಟರ್ ಸೇಯರ್ ತಲೆಯೆತ್ತಿ ಹೇಳಬೇಕಾದದ್ದನ್ನು ಹೇಳುತ್ತಾನೆ. ಮತ್ತೆ ಪೈಕ್, ಮತ್ತೆ ಬೆರಳು, ಮತ್ತೆ ಡಾಕ್ಟರ್. ಮೂರು ಪುಟ ಒಂದು ಸಲವೂ ಎಡವದೆ ಮುಗಿಯುತ್ತದೆ. ಸ್ಟ್ರ್ಯಾಂಡ್ ಶಬ್ದ ಹೇಗಿದೆ ಎಂದು ಮೂಲೆಯತ್ತ ಕೇಳುತ್ತಾನೆ. ಡೋರೀನ್ ಅವನನ್ನು ನೋಡುತ್ತಾರೆ, ಆರ್ವಿಲ್‌ರನ್ನು ನೋಡುತ್ತಾರೆ. ಚೆನ್ನಾಗಿದೆ ಅನ್ನುತ್ತಾರೆ.

ಅಲ್ಲಿಗೆ ಬಿಟ್ಟಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಸ್ಟ್ರ್ಯಾಂಡ್‌ಗೆ ಹುರುಪು ಬಂದಿದೆ. ಇನ್ನೊಂದು ಇರಲಿ, ಪೈಕ್ ನಿನಗೆ ತೋಚಿದ್ದು ಮಾಡು ಅನ್ನುತ್ತಾನೆ. ಈ ಸಲ ಎರಡನೇ ಕ್ಯಾಮೆರಾ ನೇರ ಹೆಣದ ಮುಖದ ಮೇಲೆ. ಮೀರಾಬೆಲ್‌ರ ರೆಪ್ಪೆ ಅಲುಗಿದರೂ ಕಾಣುತ್ತದೆ, ತುಟಿಯ ಮಾತಿರಲಿ.

ಐದನೇ ಟೇಕು ಕೊನೆಯ ಮಾತಿನವರೆಗೆ ನೆಟ್ಟಗೆ ಬರುತ್ತದೆ. ಸ್ಕ್ರಿಪ್ಟಿನ ಪ್ರಕಾರ ಪತ್ತೇದಾರ ವರದಿ ಯಾವಾಗ ಸಿಗುತ್ತದೆ ಎಂದು ಕೇಳಬೇಕು. ಪೈಕ್ ಅದನ್ನು ಕೇಳುವುದಿಲ್ಲ. ಹೆಣದ ಮುಖ ನೋಡುತ್ತಾನೆ, ಬೇರೇನೋ ಕೇಳುತ್ತಾನೆ. ಬೆರಳು ಒತ್ತುತ್ತದೆ. ಆರ್ವಿಲ್ ಬಾಯಿ ತೆರೆಯುವಷ್ಟರಲ್ಲಿ ಬೆರಳು ಮತ್ತೆ ಒತ್ತುತ್ತದೆ, ಮತ್ತೆ ಮತ್ತೆ, ಉಗುರು ಊರುವಷ್ಟು. ಏನೋ ತಪ್ಪಿದೆ. ಏನು? ಪೈಕ್‌ನ ಕಣ್ಣಲ್ಲಿ ನೀರು ಹೊಳೆಯುತ್ತಿದೆ. ಬಾಯಿ ನೀಲಿ ಬಟ್ಟೆಯ ಹಿಂದೆ. ಹೆಣದ ತುಟಿ ಕಲ್ಲು. ಅಂಗಾಲಿಗೆ ನೆಲ ಅದುರುತ್ತಿದೆ, ಕ್ಯಾಮೆರಾ ಗಾಡಿ ಅವರ ಮುಖದ ಕಡೆಗೇ ಬರುತ್ತಿದೆ. ಮೂರು ಸೆಕೆಂಡು. ಆರು ಸೆಕೆಂಡು. ಅವರ ಹತ್ತಿರ ಇರುವುದು ಸ್ಕ್ರಿಪ್ಟಿನ ಒಂದೇ ಸಾಲು. ಅದನ್ನೇ ಹೇಳುತ್ತಾರೆ.

“ಬರೆದು ಕೊಡ್ತೀನಿ. ಮಧ್ಯಾಹ್ನದೊಳಗೆ ನಿಮ್ಮ ಮೇಜಿನ ಮೇಲೆ ಇರುತ್ತೆ.”

ಕಟ್ ಅಂದ ಮೇಲೆ ಚಪ್ಪಾಳೆ. ಸ್ಟ್ರ್ಯಾಂಡ್ ಓಡಿ ಬಂದು ಆರ್ವಿಲ್‌ರ ಎರಡೂ ಭುಜ ಹಿಡಿದು, ಮುಖಕ್ಕೆ ಮುಖ ಇಟ್ಟು, ಎಂಟು ಕಂತು ಡಾಕ್ಟ್ರೇ, ಎಂಟೂ ನಿಮ್ಮದೇ ಅನ್ನುತ್ತಾನೆ. ಇಂಥ ಉತ್ತರ ಯಾವ ಬರಹಗಾರನಿಗೂ ಹೊಳೆಯುವುದಿಲ್ಲವಂತೆ. ಇಂಥ ಕಲ್ಲೆದೆ, ಆ ಕಲ್ಲೆದೆಯೊಳಗೆ ಇಂಥ ಕರುಣೆ. ಆ ತುಟಿಯನ್ನು ಆರ್ವಿಲ್ ಸಲೀಸಾಗಿ ಓದುತ್ತಾರೆ. ಯಾವ ಪ್ರಶ್ನೆಗೆ ತಾವು ಉತ್ತರ ಕೊಟ್ಟಿದ್ದೆಂದು ಮಾತ್ರ ಅವರಿಗೆ ಗೊತ್ತಿಲ್ಲ.

ಹೊದಿಕೆ ಸುತ್ತಿಕೊಂಡು ಎದ್ದು ಕೂತ ಮೀರಾಬೆಲ್‌ರನ್ನು ಕೇಳುತ್ತಾರೆ. ಆಕೆ ಒಂದೊಂದೇ ಪದ ತುಟಿಯಲ್ಲಿ ಬಿಡಿಸಿ ಹೇಳುತ್ತಾರೆ. “ಅವನು ಕೇಳಿದ್ದು, ಸಾಯುವಾಗ ಇವಳಿಗೆ ನೋವಾಯ್ತಾ ಅಂತ.”

ಆರ್ವಿಲ್ ಮೇಜಿನ ಅಂಚು ಹಿಡಿದು ನಿಲ್ಲುತ್ತಾರೆ. ಸೆಟ್ಟಿನಲ್ಲಿ ಎಲ್ಲರೂ ನಿರಾಳ. ಯಾರೋ ಕಾಫಿ ತರಲು ಹೋಗುತ್ತಾರೆ. ಬಡಗಿಗಳು ಇಣುಕುತ್ತಿದ್ದಾರೆ. ಬಾಯಿ ಮುಚ್ಚಿಕೊಂಡು ನಾಲ್ಕು ಹೆಜ್ಜೆ ಇಟ್ಟರೆ ಹೊರಗೆ ಬಿಸಿಲು, ಎಂಟು ಕಂತು, ಒಂದು ಹೆಸರು. ಅವರು ಸ್ಟ್ರ್ಯಾಂಡ್ ಕಡೆಗೆ ನಡೆದು, ಇನ್ನೊಂದು ಟೇಕ್ ಬೇಕು ಅನ್ನುತ್ತಾರೆ. ಸ್ಟ್ರ್ಯಾಂಡ್ ನಗುತ್ತಾನೆ. ಇದಕ್ಕಿಂತ ಒಳ್ಳೆಯದು ಬರುವುದಿಲ್ಲ, ಹೋಗಿ ಊಟ ಮಾಡಿ ಅನ್ನುತ್ತಾನೆ.

“ಅವ್ರು ಕೇಳಿದ್ದು ನನಗೆ ಕೇಳಿಸ್ಲಿಲ್ಲ,” ಅನ್ನುತ್ತಾರೆ ಆರ್ವಿಲ್. “ಪ್ರಶ್ನೆ ಗೊತ್ತಿಲ್ದೆ ಉತ್ತರ ಕೊಟ್ಟೆ. ನನಗೆ ಕಿವಿ ಕೇಳಲ್ಲ. ಏಳು ವರ್ಷ ಆಯ್ತು.”

ಸ್ಟ್ರ್ಯಾಂಡ್‌ನ ನಗು ಮುಖದ ಮೇಲೇ ಒಣಗುತ್ತದೆ. ಮೊದಲು ನಂಬುವುದಿಲ್ಲ. ಆಗ ಮೂಲೆಯಿಂದ ಡೋರೀನ್ ಎದ್ದು ಬಂದು, ತನಗೆ ಮೂರು ವರ್ಷದಿಂದ ಗೊತ್ತು ಅನ್ನುತ್ತಾರೆ. ಪ್ರತಿ ದೃಶ್ಯ ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಖಾಲಿ ಕೋಣೆಯ ಮೌನವನ್ನು ಅವರು ರೆಕಾರ್ಡ್ ಮಾಡಿಕೊಳ್ಳುತ್ತಾರೆ, ಸಂಕಲನಕ್ಕೆ ಅದು ಬೇಕು. ಈ ಧಾರಾವಾಹಿಗೆ ಮೊದಲೂ ಎಷ್ಟೋ ಸೆಟ್ಟಿನಲ್ಲಿ ಇಬ್ಬರೂ ಜೊತೆಗಿದ್ದರು, ಈ ಮನುಷ್ಯ ಎಲ್ಲಿದ್ದರೂ ಆ ಮೌನದಲ್ಲಿ ಒಂದು ಗುನುಗು ಇರುತ್ತದೆ. ಗಂಟಲಿಂದ ಬರುವುದು ಅವರಿಗೇ ಗೊತ್ತಿಲ್ಲ. ಕೇಳಿಸುವವನು ಆ ಹೊತ್ತಿನಲ್ಲಿ ಗುನುಗುವುದಿಲ್ಲ. ಮೂರು ವರ್ಷದಿಂದ ಪ್ರತಿ ಸಲ ಏನೋ ನೆವ ಹೇಳಿ ಎರಡನೇ ಸಲ ರೆಕಾರ್ಡ್ ಮಾಡುತ್ತಿದ್ದೇನೆ ಅನ್ನುತ್ತಾರೆ.

ಪೈಕ್ ಮಾಸ್ಕನ್ನು ಗದ್ದಕ್ಕೆ ಇಳಿಸುತ್ತಾನೆ. “ಮೊದಲೇ ಒಂದು ಮಾತು ಹೇಳಬಾರದಿತ್ತೇನ್ರಿ?”

“ಹೇಳಿದ್ರೆ ಈ ಕೋಟು ಇವತ್ತು ನನ್ನ ಮೈಮೇಲೆ ಇರ್ತಿತ್ತಾ?”

ಗೋಡೆಗೆ ಒರಗಿ ನಿಂತಿದ್ದ ಆ ಇನ್ನೊಬ್ಬ ಮುದುಕ, ಅಳತೆ ಕೊಟ್ಟು ತೊಟ್ಟಿದ್ದ ಬಿಳಿ ಕೋಟನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಹೊರಗೆ ಹೋದರು.

ಊಟಕ್ಕೆ ಇಪ್ಪತ್ತು ನಿಮಿಷ. ಸ್ಟ್ರ್ಯಾಂಡ್ ಗಡಿಯಾರ ನೋಡುತ್ತಾನೆ, ಪೈಕ್‌ನನ್ನು ನೋಡುತ್ತಾನೆ. ಪೈಕ್ ಆಗಲೇ ಮೇಜಿನ ಆಚೆ ಹೋಗಿ ನಿಂತಿದ್ದಾನೆ, ಮಾಸ್ಕು ಗದ್ದದ ಮೇಲೇ ಇದೆ. ನಾಯಕ ನಿಂತ ಮೇಲೆ ನಿರ್ದೇಶಕ ಏನು ಮಾಡುತ್ತಾನೆ. ಆರನೇ ಟೇಕು. ಮೀರಾಬೆಲ್ ಮತ್ತೆ ಸಾಯುತ್ತಾರೆ. ಈ ಸಲ ಬೆರಳು ಒತ್ತುವುದಿಲ್ಲ, ಆರ್ವಿಲ್ ಬೇಡ ಅಂದಿದ್ದಾರೆ. ಕೊನೆಗೆ ಪೈಕ್ ಅದೇ ಪ್ರಶ್ನೆ ಕೇಳುತ್ತಾನೆ. ಇವಳಿಗೆ ನೋವಾಯ್ತಾ?

ಆರ್ವಿಲ್ ಆ ಬಾಯಿಯನ್ನು ನೋಡುತ್ತಾರೆ. ಪ್ರಶ್ನೆ ಅವರೊಳಗೆ ಇಳಿಯುವುದು ಕೋಣೆಯಲ್ಲಿದ್ದವರಿಗೆಲ್ಲ ಕಾಣುತ್ತದೆ. ವರದಿ, ಮೇಜು, ಮಧ್ಯಾಹ್ನ, ಯಾವುದೂ ಬಾಯಿಗೆ ಬರುವುದಿಲ್ಲ.

“ಆಯ್ತು,” ಅನ್ನುತ್ತಾನೆ ಡಾಕ್ಟರ್ ಸೇಯರ್. “ತುಂಬಾ ಹೊತ್ತು ಆಯ್ತು. ಯಾರಾದ್ರೂ ಬರ್ತಾರೆ ಅಂತ ಕಾಯ್ತಿದ್ಲು.”

ಚಪ್ಪಾಳೆ ಬರಲಿಲ್ಲ. ಸ್ಟ್ರ್ಯಾಂಡ್ ಪರದೆ ನೋಡುತ್ತಾ ಕೂತಿದ್ದು, ಮುಂದಿನದು ಅಂದ. ಸಿನಿಮಾ ಕಸುಬಿನಲ್ಲಿ ಅದಕ್ಕೆ ಎರಡು ಅರ್ಥ. ಚೆನ್ನಾಗಿತ್ತು ಅನ್ನುವುದಕ್ಕೂ ಮುಂದಿನದು, ನೀನು ಹೊರಡು ಅನ್ನುವುದಕ್ಕೂ ಮುಂದಿನದು. ಬಡಗಿಗಳು ಒಳಗೆ ನುಗ್ಗಿದರು. ಆರ್ವಿಲ್ ಮೇಜು ಎತ್ತಲು ಕೈ ಕೊಡಲು ಹೋದರು, ಬೇಡ ಯಜಮಾನ್ರೇ ಎಂದು ಅವರು ಬಿಡಲಿಲ್ಲ.

ಇದಾಗಿ ಇಪ್ಪತ್ತಮೂರು ದಿನ. ಎಂಟು ಕಂತಿನ ಬಗ್ಗೆ ಫೋನ್ ಬಂದಿಲ್ಲ. ಬರುವುದಿಲ್ಲ ಎಂದೂ ಯಾರೂ ಹೇಳಿಲ್ಲ. ಈ ಊರಿನಲ್ಲಿ ಇಲ್ಲ ಅನ್ನುವ ಪದವನ್ನು ಯಾರೂ ಆಡುವುದಿಲ್ಲ, ಸುಮ್ಮನಾಗುತ್ತಾರೆ. ಕಿವಿ ತಿಂದವರು ಈ ಉದ್ಯಮದವರೇ, ಕಿವುಡು ಎಂದು ದೂರ ಇಡುವವರೂ ಅವರೇ. ಹದಿನಾಲ್ಕು ಸಲ ಪಿಸ್ತೂಲು ಹಾರಿಸಿದ ಆ ನಾಯಕನಿಗೆ ಈಗ ಜೀವಮಾನದ ಸಾಧನೆಯ ಸನ್ಮಾನ ಆಗಿದೆ. ಒಂದು ಮಾಸ್ಕನ್ನು ಎರಡು ಅಂಗುಲ ಕೆಳಗೆ ಎಳೆಯಲು ಈ ಉದ್ಯಮಕ್ಕೆ ಏಳು ವರ್ಷ ಬೇಕಾಯಿತು, ಅದೂ ಒಬ್ಬ ಮುದುಕ ತನ್ನ ಅನ್ನವನ್ನು ಪಣಕ್ಕಿಟ್ಟ ಮೇಲೆ.

ಆರ್ವಿಲ್‌ರಿಗೆ ಇಷ್ಟು ಸಿಟ್ಟಿಲ್ಲ. ಅಂಗಳದಲ್ಲಿ ಕೂತು ಸೇಬು ಹೆಚ್ಚುತ್ತಾರೆ, ನೆಟ್ಟಿ ಪಕ್ಕದಲ್ಲಿ ಯಾವುದೋ ಹಳೆಯ ಸ್ಕ್ರಿಪ್ಟು ಓದಿ ಅಭ್ಯಾಸ ಮಾಡಿಸುತ್ತಾರೆ, ಕೈ ಬಿಟ್ಟುಹೋಗಬಾರದಲ್ಲ. ಸುಮ್ಮನಿದ್ದಿದ್ದರೆ ಎಂಟು ಕಂತು ಕೈಯಲ್ಲಿತ್ತಲ್ಲ ಎಂದು ಕೇಳಿದಾಗ ಚಾಕು ಕೆಳಗಿಟ್ಟರು. “ನಟನೆ ಅಂದ್ರೆ ಬಾಯಿ ಅಂದ್ಕೊಂಡಿದೀರಿ ನೀವೆಲ್ಲ. ಎದುರಿನವನು ಅಂದಿದ್ದು ನಮ್ಮೊಳಗೆ ಬೀಳ್ಬೇಕು, ತಮ್ಮಾ. ಬಿದ್ದ ಮೇಲೆ ಏನು ಏಳುತ್ತೋ ಅದು ನಟನೆ. ಆ ಹುಡುಗ ಕಣ್ಣಲ್ಲಿ ನೀರಿಟ್ಕೊಂಡು ಕೇಳಿದ. ನಾನು ಅವನಿಗೆ ಗೋಡೆ ಥರ ಉತ್ತರ ಕೊಟ್ಟೆ. ಜನ ಚಪ್ಪಾಳೆ ಹೊಡೆದ್ರು. ಆ ಚಪ್ಪಾಳೆ ತಗೊಂಡು ನಾನು ಮನೆಗೆ ಬಂದು ಇವಳ ಮುಖ ಹೇಗೆ ನೋಡ್ಲಿ?”

ಮುಂದೇನು ಅಂದರೆ ದೊಡ್ಡ ಆಸೆ ಏನೂ ಇಲ್ಲ. ಯಾರಾದರೂ ಕರೆದರೆ ಎದುರಿನವರ ಬಾಯಿ ಕಾಣುವ ಹಾಗೆ ನಿಲ್ಲಿಸಿ ಎಂದು ಮೊದಲೇ ಕೇಳುತ್ತಾರಂತೆ, ಅಷ್ಟೇ. ಕೇಳಲು ನಾಚಿಕೆ ಹೋಗಿದೆ. ಅದಕ್ಕೇ ಇದನ್ನು ಬರೆಯಲು ಒಪ್ಪಿದ್ದು.

ಆ ಕಂತು ಮುಂದಿನ ತಿಂಗಳು ಬರುತ್ತದೆ. ಐದನೇ ಟೇಕು ಹಾಕುತ್ತಾರೋ ಆರನೆಯದೋ ಯಾರಿಗೂ ಗೊತ್ತಿಲ್ಲ. ನೋಡಿದವರಲ್ಲಿ ಹೆಚ್ಚಿನವರು ಐದನೆಯದೇ ಮೇಲು ಅನ್ನುತ್ತಾರೆ. ನಿಮಗೆ ಯಾವುದು ಬೇಕು ಎಂದು ಕೇಳಿದಾಗ, ಪ್ರಶ್ನೆ ಪೂರ್ತಿ ಮುಗಿಯುವವರೆಗೆ ಆರ್ವಿಲ್ ಟ್ಯಾಕೆಟ್ ತುಟಿಯನ್ನೇ ನೋಡಿದರು.

“ಐದನೇದೇ ಚೆನ್ನಾಗಿದೆ, ನನಗೂ ಗೊತ್ತು,” ಅಂದರು. “ಆದ್ರೆ ಅದು ತಾನಾಗಿ ಆಗಿದ್ದು. ಆರನೇದು ನಾನು ಮಾಡಿದ್ದು.”